ಹತ್ತು ಅಂಕ, ಒಂದೇ ಸುತ್ತು

ಗೆಳೆಯಾ,

ಅಮೆರಿಕದ ಕಾರ್ ರೇಸ್ ಸರಣಿ ನಾಸ್ಕಾರ್‌ನ ಹಳೆಯ ಅಂಕಪಟ್ಟಿಗಳಲ್ಲಿ ಯಾವುದನ್ನು ಮೊದಲು ನೋಡಲಿ ಎಂದು ಕೇಳಿದ್ದೆಯಲ್ಲ, 1992ರದ್ದನ್ನು ತೆಗೆ. ಅಲನ್ ಕುಲ್ವಿಕಿ 4078, ಬಿಲ್ ಎಲಿಯಟ್ 4068, ಡೇವಿ ಆಲಿಸನ್ 4015. ವರ್ಷವಿಡೀ 29 ರೇಸ್ ಓಡಿದ ಮೇಲೆ ಮೊದಲಿಬ್ಬರ ನಡುವೆ ಉಳಿದದ್ದು ಬರೀ 10 ಅಂಕ.

ನವೆಂಬರ್ 15ರಂದು ಅಟ್ಲಾಂಟಾದಲ್ಲಿ ಕೊನೆಯ ರೇಸ್. ಆ ಬೆಳಿಗ್ಗೆ ಆರು ಜನರಿಗೆ ವರ್ಷದ ಪಟ್ಟದ ಆಸೆ ಇತ್ತು. ಅಂಕದಲ್ಲಿ ಎಲ್ಲರಿಗಿಂತ ಮುಂದಿದ್ದವನು ಆಲಿಸನ್. ಆದರೆ ಎರ್ನಿ ಇರ್ವನ್‌ನ ಕಾರು ಹತೋಟಿ ತಪ್ಪಿ ಅಡ್ಡ ಬಂತು, ಆಲಿಸನ್ ಅದಕ್ಕೆ ಗುದ್ದಿದ, ಅವನ ಆಸೆ ಅಲ್ಲಿಗೆ ಮುಗಿಯಿತು.

ಆಗಿನ ನಿಯಮದಲ್ಲಿ ಒಂದು ರೇಸ್ ಗೆದ್ದವನಿಗೆ 175 ಅಂಕ, ಎರಡನೆಯವನಿಗೆ 170. ಒಂದು ಸುತ್ತಾದರೂ ಮುಂದಾಳಾಗಿದ್ದವನಿಗೆ 5, ಅತಿ ಹೆಚ್ಚು ಸುತ್ತು ಮುಂದಿದ್ದವನಿಗೆ ಮತ್ತೆ 5. ಅಂದು ರೇಸ್ ಗೆದ್ದದ್ದು ಎಲಿಯಟ್, ಕುಲ್ವಿಕಿ ಎರಡನೆಯವನು. ಆದರೆ 328 ಸುತ್ತಿನಲ್ಲಿ ಕುಲ್ವಿಕಿ ಮುಂದಿದ್ದದ್ದು 103, ಎಲಿಯಟ್ 102! ಹಾಗಾಗಿ ಇಬ್ಬರಿಗೂ 180 ಸಿಕ್ಕಿ, ಬೆಳಿಗ್ಗೆ ಇದ್ದ ಹತ್ತರ ಅಂತರ ಸಂಜೆಗೂ ಹಾಗೇ ಉಳಿಯಿತು. ಒಂದು ಸುತ್ತು ಅತ್ತ ಹೋಗಿದ್ದರೆ ಇಬ್ಬರೂ 4073ಕ್ಕೆ ಸಮ. ಆಗ ನೋಡುವುದು ವರ್ಷದ ಗೆಲುವುಗಳನ್ನು. ಎಲಿಯಟ್‌ನದು 5, ಕುಲ್ವಿಕಿಯದು 2, ಪಟ್ಟ ಎಲಿಯಟ್‌ಗೆ ಹೋಗುತ್ತಿತ್ತು.

ಇದನ್ನು ಅದೃಷ್ಟ ಅಂದರೆ ನಾನು ಒಪ್ಪುವುದಿಲ್ಲ. ಕುಲ್ವಿಕಿ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್. ಅವನ ತಂಡ ಸುತ್ತುಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತಾ, ಆ ಐದು ಅಂಕ ಕೈಸೇರಿತೆಂದು ಖಾತ್ರಿಯಾದ ಮೇಲೆಯೇ ಕೊನೆಯ ಸಲ ಪೆಟ್ರೋಲಿಗೆ ಪಿಟ್‌ಗೆ (ಟ್ರ್ಯಾಕ್ ಪಕ್ಕದ ನಿಲುಗಡೆಗೆ) ಕರೆಯಿತು. ಕಾರಿನ ಮೊದಲ ಗೇರ್ ಆಗಲೇ ಕೈಕೊಟ್ಟಿತ್ತು. ಸೆಪ್ಟೆಂಬರ್‌ನಲ್ಲಿ ಡೋವರ್ ಟ್ರ್ಯಾಕ್‌ನ ಅಪಘಾತದ ನಂತರ ಇದೇ ಮನುಷ್ಯ 278 ಅಂಕ ಹಿಂದಿದ್ದ, ಉಳಿದದ್ದು ಆರೇ ರೇಸ್! ತನ್ನ ಪುಟ್ಟ ತಂಡಕ್ಕೆ ತಾನೇ ಯಜಮಾನ, ತಾನೇ ಚಾಲಕ. ಇನ್ನೊಂದು ತಂಡದ ಯಜಮಾನ ಜೂನಿಯರ್ ಜಾನ್ಸನ್ ಹಿಂದೊಮ್ಮೆ ದೊಡ್ಡ ಮೊತ್ತಕ್ಕೆ ಕರೆದಾಗಲೂ ಹೋಗಿರಲಿಲ್ಲ. ಅಟ್ಲಾಂಟಾದಲ್ಲಿ ಎಲಿಯಟ್ ಓಡಿಸಿದ್ದು ಆ ಜಾನ್ಸನ್ ಕಾರನ್ನೇ.

(ಹೆಸರಾಂತ ಹಿರಿಯ ಚಾಲಕ ರಿಚರ್ಡ್ ಪೆಟ್ಟಿಯ ಕೊನೆಯ ರೇಸ್, ಮುಂದೆ ಹೆಸರು ಮಾಡಿದ ಜೆಫ್ ಗಾರ್ಡನ್‌ಗೆ ಈ ಸರಣಿಯ ಮೊದಲ ರೇಸ್ ಕೂಡ ಅದೇ. ಅದಕ್ಕೆ ಬೇರೆ ಪತ್ರವೇ ಬೇಕು.)

1993ರ ಏಪ್ರಿಲ್ 1ರಂದು ಕುಲ್ವಿಕಿ ವಿಮಾನ ಅಪಘಾತದಲ್ಲಿ ತೀರಿಕೊಂಡ. ಜುಲೈನಲ್ಲಿ ಹೆಲಿಕಾಪ್ಟರ್ ಬಿದ್ದು ಆಲಿಸನ್ ಹೋದ. ಆ ಪಟ್ಟಿಯ ಮೊದಲ ಮೂವರಲ್ಲಿ ಇಬ್ಬರು ಒಂದು ವರ್ಷವೂ ಉಳಿಯಲಿಲ್ಲ. ಇದು ನನಗೆ ಈಗಲೂ ಸಂಕಟ.

ಆಮೇಲೆ 2011ರ ಪಟ್ಟಿಯನ್ನೂ ನೋಡು. ಟೋನಿ ಸ್ಟೀವರ್ಟ್, ಕಾರ್ಲ್ ಎಡ್ವರ್ಡ್ಸ್ ಇಬ್ಬರಿಗೂ 2403. ಐದು ಗೆಲುವಿದ್ದ ಸ್ಟೀವರ್ಟ್‌ಗೆ ಪಟ್ಟ, ಒಂದೇ ಗೆಲುವಿದ್ದ ಎಡ್ವರ್ಡ್ಸ್‌ಗೆ ಎರಡನೇ ಸ್ಥಾನ. ನನಗೆ ಅದು ನ್ಯಾಯ ಅನ್ನಿಸುತ್ತದೆ. ನಿನಗೆ ಏನನ್ನಿಸಿತು, ಬರಿ.

ನಿನ್ನ ಗೆಳೆಯ