ಬುಡ ಕೆಟ್ಟರೆ ಇಡೀ ಮನೆ ಕೆಡವಬೇಕಾ?

ಮಾನ್ಯ ಸಂಪಾದಕರೇ,

ಹೆಸರಘಟ್ಟದ ಹತ್ತಿರ ನಮ್ಮ ಮಾವನವರ ಕಾಲದ ಮಣ್ಣಿನ ಗೋಡೆಯ ಹೆಂಚಿನ ಮನೆ ಇದೆ. ಹನ್ನೆರಡು ವರ್ಷ ಬೀಗ ಬಿದ್ದಿತ್ತು. ‘ಜೆಸಿಬಿ ತರಿಸಿ, ಒಂದೇ ದಿನದ ಕೆಲಸ’ ಅಂದರು ಎಲ್ಲರೂ. ನಾವೂ ಒಪ್ಪಿದ್ದೆವು.

ಮನಸ್ಸು ಬದಲಾದದ್ದು ಅಮೆರಿಕದಲ್ಲಿ. ಮಗಳ ಗೆಳತಿಯ ಮರದ ದಿಮ್ಮಿಯ ಮನೆಯಲ್ಲಿ ಎರಡು ದಿನ ಇದ್ದೆವು. 1862ರ ಹೋಮ್‌ಸ್ಟೆಡ್ ಕಾನೂನಿನಲ್ಲಿ 160 ಎಕರೆ ಪಡೆದು, ಐದು ವರ್ಷ ಅಲ್ಲೇ ಇದ್ದು ಉತ್ತು ಬೆಳೆದರೆ ಜಮೀನು ಸ್ವಂತವಾಗುತ್ತಿತ್ತು. ಹಾಗೆ ಬಂದವರು ಕಟ್ಟಿದ ಮನೆ ಅದು. (ಆ ನೆಲ ಅದಕ್ಕೂ ಮುಂಚೆ ಅಲ್ಲಿನ ಮೂಲನಿವಾಸಿಗಳದ್ದು, ಅದನ್ನು ಮರೆಯಬಾರದು.) ಕರೆಂಟ್ ಲೈನ್ ಇಲ್ಲ. ಸೋಲಾರ್, ಬಾವಿ, ಸೌದೆ ಒಲೆ. ನೆಲಕ್ಕೆ ತಾಗಿದ್ದ ದಿಮ್ಮಿ ಮಾತ್ರ ಕೊಳೆತಿತ್ತಂತೆ. ಜಾಕ್ ಕೊಟ್ಟು ಮನೆ ಎತ್ತಿ, ಅದೊಂದನ್ನೇ ಬದಲಿಸಿದ್ದಾರೆ.

ವಾಪಸ್ ಬಂದು ನೋಡಿದರೆ ನಮ್ಮದೂ ಅದೇ ಕತೆ. ಗೋಡೆಯ ಬುಡದ ಎರಡಡಿ ಮಾತ್ರ ಹಾಳಾಗಿತ್ತು. ಸೂರಿನ ನೀರು ಸಿಡಿದು ಸಿಡಿದು ನೆನೆದಿತ್ತು. ಮೇಲೆ ಬಳಿದಿದ್ದ ಸಿಮೆಂಟು ಆ ತೇವ ಆರಲು ಬಿಟ್ಟಿರಲಿಲ್ಲ. ಸಿಮೆಂಟು ಕೆತ್ತಿಸಿ, ಬುಡಕ್ಕೆ ಕಲ್ಲು ಕಟ್ಟಿಸಿ, ಹುಲ್ಲು ಕಲಸಿದ ಮಣ್ಣು ಮೆತ್ತಿ, ಸುಣ್ಣ ಹೊಡೆಸಿದೆವು. ಊರಿನ ಅಜ್ಜ ಒಬ್ಬರು ಮಣ್ಣು ತುಳಿದು ಹದ ತೋರಿಸಿದರು. ಆ ಹದ ಬಲ್ಲವರು ಇನ್ನೆಷ್ಟು ಜನ ಉಳಿದಿದ್ದಾರೋ, ನನಗೆ ಅದೇ ಚಿಂತೆ.

ಈಗ ತಿಂಗಳಲ್ಲಿ ಇಪ್ಪತ್ತು ದಿನ ಅಲ್ಲೇ ಇರುತ್ತೇವೆ. ಕರೆಂಟ್ ಮತ್ತೆ ಹಾಕಿಸಲಿಲ್ಲ. ಎರಡು ಸೋಲಾರ್ ಪ್ಯಾನೆಲ್, ಒಂದು ಬ್ಯಾಟರಿ. ದೀಪ, ಫ್ಯಾನು, ಫೋನಿಗೆ ಸಾಕು. ಜುಲೈನಲ್ಲಿ ಮೋಡ ಜಾಸ್ತಿಯಾದರೆ ಮಿಕ್ಸಿ ಬಿಟ್ಟು ಒರಳಿನ ಮುಂದೆ ಕೂರುತ್ತೇನೆ. ನೀರೆಲ್ಲ ಮಳೆಯದ್ದೇ. ಬೆಂಗಳೂರಿಗೆ ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆ. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಬಿದ್ದರೆ ಒಂದು ಲೀಟರ್. ನಮ್ಮ ಹೆಂಚು 80 ಚದರ ಮೀಟರ್, ಅಂದರೆ 77 ಸಾವಿರ ಲೀಟರ್! ಮೊದಲ ಮಳೆ ಹೊರಗೆ ಬಿಟ್ಟು ಉಳಿದದ್ದನ್ನು ನೆಲದೊಳಗಿನ ತೊಟ್ಟಿಗೆ ತುಂಬುತ್ತೇವೆ. 2024ರ ಬೇಸಿಗೆಯಲ್ಲಿ ಬಸವನಗುಡಿಯ ನಮ್ಮ ಬೀದಿಯವರು ಟ್ಯಾಂಕರ್‌ಗೆ ಕಾಯುತ್ತಿದ್ದಾಗ, ಇಲ್ಲಿ ತೊಟ್ಟಿಯಲ್ಲಿ ಮೊಣಕಾಲುದ್ದ ನೀರಿತ್ತು.

ಮಣ್ಣಿನ ಗೋಡೆ ಬಲ್ಲ ಕೆಲಸಗಾರರ ಬಗ್ಗೆ ದಯವಿಟ್ಟು ನಿಮ್ಮ ಪತ್ರಿಕೆಯಲ್ಲಿ ಬರೆಯಿರಿ. ಊರಿನ ಮನೆ ಕೆಡವಲು ಹೊರಟವರು ಮೊದಲು ಗೋಡೆಯ ಬುಡ ಕೆದಕಿ ನೋಡಲಿ. ನಮ್ಮ ಪಕ್ಕದ ಮನೆಗೆ ಯುಗಾದಿ ಕಳೆದ ಮೇಲೆ ಜೆಸಿಬಿ ಬರುತ್ತದಂತೆ. ಅದರಲ್ಲೂ ಕೆಟ್ಟಿರುವುದು ಎರಡೇ ಅಡಿ.

– ಓದುಗಿ, ಬಸವನಗುಡಿ, ಬೆಂಗಳೂರು