ಅಂಡರ್‌ಪಾಸ್: ದೊಡ್ಡ ಪಂಪ್ ಒಂದೇ ಸಾಲದು

ಮಾನ್ಯ ಸಂಪಾದಕರೇ,

2023ರ ಮೇ 21ರಂದು ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ಪ್ರಾಣ ಕಳೆದುಕೊಂಡರು. ಅಂಡರ್‌ಪಾಸ್‌ನಲ್ಲಿ ನೀರು ನಿಂತಾಗಲೆಲ್ಲ ‘ದೊಡ್ಡ ಪಂಪ್ ಹಾಕಿ’ ಎಂಬ ಕೂಗು ಏಳುತ್ತದೆ. ಆದರೆ ಹಳೆಯ ಪಂಪ್ ಕಿತ್ತು ಹೆಚ್ಚು ಎಚ್‌ಪಿಯದನ್ನು ಕೂರಿಸಿದ ಮಾತ್ರಕ್ಕೆ ನೀರು ಇಳಿಯುವುದಿಲ್ಲ.

ಅಂಡರ್‌ಪಾಸ್‌ನ ಎರಡೂ ಇಳಿಜಾರು ಸೇರಿ ಅರ್ಧ ಹೆಕ್ಟೇರ್ ಎಂದಿಟ್ಟುಕೊಳ್ಳಿ. ಗಂಟೆಗೆ 60 ಮಿ.ಮೀ. ಮಳೆ ಹೊಡೆದರೆ, ಡಾಂಬರಿನ ಮೇಲೆ ಇಂಗುವುದೇನೂ ಇಲ್ಲವಾದ್ದರಿಂದ, ಸೆಕೆಂಡಿಗೆ 83 ಲೀಟರ್ ನೀರು ತಳದ ಸಂಪಿಗೆ, ಅಂದರೆ ನೀರು ಸೇರುವ ತೊಟ್ಟಿಗೆ, ಬರುತ್ತದೆ. ಅದನ್ನು 8 ಮೀಟರ್ ಎತ್ತಲು ಒಟ್ಟು 20 ಎಚ್‌ಪಿ ಸಾಕು. ಮೇಲಿನ ರಸ್ತೆಯ ಚರಂಡಿ ಕಟ್ಟಿಕೊಂಡು ಇನ್ನೆರಡು ಹೆಕ್ಟೇರಿನ ನೀರೂ ಇತ್ತಲೇ ನುಗ್ಗಿದರೆ? ಐದು ಪಟ್ಟು! ಯಾವ ಪಂಪೂ ತಡೆಯದು. ಆದ್ದರಿಂದ ಮೊದಲ ಖರ್ಚು ಇಳಿಜಾರು ಶುರುವಾಗುವಲ್ಲಿ ರಸ್ತೆಗೆ ಸಣ್ಣ ಏರು ಕೊಟ್ಟು, ಅದರ ಮುಂದೆ ರಸ್ತೆಯ ಅಗಲಕ್ಕೂ ಜಾಲರಿ ಚರಂಡಿ ಕೂರಿಸುವುದಕ್ಕೆ ಆಗಬೇಕು.

ಇನ್ನು ಹೊರಹೋಗುವ ಪೈಪ್. ಅದೇ ಪೈಪಿನಲ್ಲಿ ಎರಡು ಪಟ್ಟು ನೀರು ತಳ್ಳಹೊರಟರೆ ಘರ್ಷಣೆ ನಾಲ್ಕು ಪಟ್ಟಾಗುತ್ತದೆ. ಕರೆಂಟ್ ಬಿಲ್ ಏರುತ್ತದೆ, ನೀರು ಅಷ್ಟಾಗಿ ಹೋಗುವುದಿಲ್ಲ. ಪೈಪಿನ ಬಾಯಿ ರಾಜಕಾಲುವೆಯ ತುಂಬುಮಟ್ಟಕ್ಕಿಂತ ಕೆಳಗಿದ್ದು ನೀರು ಹಿಂದಕ್ಕೆ ಬಾರದಂತೆ ತಡೆಯುವ ಕವಾಟಕ್ಕೆ (ಎನ್‌ಆರ್‌ವಿ) ಕಸ ಸಿಕ್ಕಿಕೊಂಡರೆ, ಎತ್ತಿದ ನೀರೇ ವಾಪಸ್ ಸಂಪಿಗೆ ಬಂದು ಪಂಪ್ ಗಳಿಗೆಗೊಮ್ಮೆ ಶುರುವಾಗಿ ನಿಂತು ಮೋಟರಿನ ವೈಂಡಿಂಗ್ (ತಂತಿ ಸುರುಳಿ) ಸುಡುತ್ತದೆ.

ಪಂಪಿಗೆ ಕರೆಂಟ್ ಕೊಡುವ ಪ್ಯಾನಲ್ ಬೋರ್ಡನ್ನು ಅಂಡರ್‌ಪಾಸಿನ ಗೋಡೆಗೆ ಹೊಡೆದಿರುವ ಕಡೆ ನೀರು ಮೊದಲು ಮುಳುಗಿಸುವುದು ಅದನ್ನೇ. ಅದು ಮೇಲಿನ ರಸ್ತೆಯ ಮಟ್ಟದಲ್ಲಿ ಕಟ್ಟೆಯ ಮೇಲಿರಬೇಕು. ನೀರು ಏರಿದಾಗ ತೇಲಿ ಪಂಪ್ ಚಾಲೂ ಮಾಡುವ ಫ್ಲೋಟ್ ಸ್ವಿಚ್‌ಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಳ್ಳುವುದು ಮಾಮೂಲಿ. ಒಂದನ್ನೇ ನಂಬದೆ ಎರಡಿಡಿ. ಸೆಕೆಂಡಿಗೆ 42 ಲೀಟರ್ ಎತ್ತುವ ಮೂರು ಪಂಪ್ ಇಟ್ಟರೆ ಎರಡು ಓಡುತ್ತವೆ, ಒಂದು ಆಪತ್ತಿಗೆ.

ಪಂಪ್‌ಗಳ ಪರೀಕ್ಷೆಗೆ ಜೂನ್‌ವರೆಗೆ ಕಾಯುವುದು ತಪ್ಪು. ಬೆಂಗಳೂರಿನ ಬಿರುಮಳೆ ಏಪ್ರಿಲ್, ಮೇ ತಿಂಗಳಲ್ಲೇ ಶುರುವಾಗುತ್ತದೆ, ಗಾಳಿಗೆ ಕರೆಂಟೂ ಹೋಗುತ್ತದೆ. ಮಾರ್ಚ್ ಮುಗಿಯುವುದರೊಳಗೆ ಮೇನ್ ಸ್ವಿಚ್ ಆರಿಸಿ, ಟ್ಯಾಂಕರಿನಿಂದ 6,000 ಲೀಟರ್ ನೀರನ್ನು ಸಂಪಿಗೆ ಬಿಡಿಸಿ. ಜನರೇಟರ್ ಯಾರೂ ಮುಟ್ಟದೆ ಚಾಲೂ ಆಗಬೇಕು. ಒಂದೇ ಪಂಪ್ ಅಷ್ಟನ್ನೂ ಎರಡೂವರೆ ನಿಮಿಷದಲ್ಲಿ ಖಾಲಿ ಮಾಡಬೇಕು. ನಾಲ್ಕು ನಿಮಿಷ ಹಿಡಿದರೆ ಇಂಪೆಲ್ಲರ್ (ನೀರು ತಳ್ಳುವ ಒಳಚಕ್ರ) ಸವೆದಿದೆ, ಇಲ್ಲವೇ ಪೈಪ್ ಕಟ್ಟಿದೆ. ಆ ದಿನ ಎಷ್ಟು ನಿಮಿಷ ಹಿಡಿಯಿತೆಂಬುದನ್ನು ಪಾಲಿಕೆ ಅಂಡರ್‌ಪಾಸಿನ ಬಾಯಲ್ಲೇ ಫಲಕ ಬರೆಸಿ ಹಾಕಲಿ.

– ಪಂಪ್ ನಿರ್ವಹಣಾ ಎಂಜಿನಿಯರ್, ಬೆಂಗಳೂರು