ರೆಫರಿಗಿಂತ ನಿಯಮವನ್ನು ಪ್ರಶ್ನಿಸಬೇಕು

ಮಾನ್ಯ ಸಂಪಾದಕರೇ,

ಅಮೆರಿಕನ್ ಫುಟ್‌ಬಾಲ್ ಕುರಿತು ತಮ್ಮ ಕ್ರೀಡಾಪುಟದಲ್ಲಿ ಪ್ರಕಟವಾದ ಬರಹವು ‘ರಫಿಂಗ್ ದಿ ಪಾಸರ್’ ದಂಡವನ್ನು (ಚೆಂಡು ಎಸೆಯುವವನಿಗೆ ನಿಯಮ ಮೀರಿ ಡಿಕ್ಕಿ ಹೊಡೆದರೆ ಬೀಳುವ ದಂಡ) ರೆಫರಿಗಳ ಮನಸೋಇಚ್ಛೆಯ ತೀರ್ಪು ಎಂದು ಕರೆದಿದೆ. ಧಾರವಾಡ ಜಿಲ್ಲೆಯ ಶಾಲಾ ಕಬಡ್ಡಿ ಪಂದ್ಯಗಳಲ್ಲಿ ಬಹಳ ವರ್ಷ ಸೀಟಿ ಊದಿ, ಪಾಲಕರಿಂದ ಬೈಗುಳವನ್ನೂ ಕೇಳಿರುವ ನನಗೆ ಈ ಮಾತು ಒಪ್ಪಿಗೆಯಾಗಲಿಲ್ಲ.

ಚೆಂಡು ಕ್ವಾರ್ಟರ್‌ಬ್ಯಾಕ್‌ನ (ಎಸೆಯುವ ಆಟಗಾರನ) ಕೈಬಿಟ್ಟ ಮೇಲೆ, ಓಡಿಬಂದ ರಭಸದಲ್ಲಿ ಎದುರಾಳಿ ಒಂದು ಹೆಜ್ಜೆಯೊಳಗೆ ಅವನಿಗೆ ಡಿಕ್ಕಿ ಹೊಡೆದರೆ ವಿನಾಯಿತಿ ಉಂಟು. ಅದಕ್ಕೂ ತಡವಾದರೆ ದಂಡ. ತಲೆಗೆ, ಕುತ್ತಿಗೆಗೆ ಅಥವಾ ಮೊಣಕಾಲು ಮತ್ತು ಅದರ ಕೆಳಭಾಗಕ್ಕೆ ಬಲವಾಗಿ ಅಪ್ಪಳಿಸಿದರೂ ದಂಡವೇ. ದಂಡವೆಂದರೆ 15 ಯಾರ್ಡ್, ಅಂದರೆ ಸುಮಾರು 14 ಮೀಟರ್ ಮುನ್ನಡೆ. ಜೊತೆಗೆ ಚೆಂಡು ಹೊಂದಿರುವ ತಂಡಕ್ಕೆ ಹೊಸದಾಗಿ ನಾಲ್ಕು ಯತ್ನಗಳು. ಅಲ್ಲಿನ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ 2008ರ ಋತುವಿನ ಮೊದಲ ಪಂದ್ಯದಲ್ಲೇ ಕ್ವಾರ್ಟರ್‌ಬ್ಯಾಕ್ ಟಾಮ್ ಬ್ರೇಡಿಯ ಮೊಣಕಾಲು ಹಾಳಾಗಿ ಆ ಋತುವಿನ ಉಳಿದ ಆಟವೇ ತಪ್ಪಿಹೋದಾಗ, ಕೆಳಗೆ ಬಿದ್ದ ಆಟಗಾರ ಕ್ವಾರ್ಟರ್‌ಬ್ಯಾಕ್‌ನ ಕಾಲಿಗೆ ನುಗ್ಗಬಾರದೆಂದು ಮರುವರ್ಷ ಸ್ಪಷ್ಟಪಡಿಸಲಾಯಿತು. ಇಲ್ಲಿಯವರೆಗೆ ಯಾರಿಗೂ ತಕರಾರು ಇರಬೇಕಿಲ್ಲ. ಕಾಲಿಗೆ ಅಪ್ಪಳಿಸಿದ್ದು ಕಣ್ಣಿಗೆ ಕಾಣುತ್ತದೆ.

ತೊಡಕು ಶುರುವಾಗುವುದು ದೇಹಭಾರದ ಮಾತಿನಿಂದ. 2017ರಲ್ಲಿ ಎದುರಾಳಿ ಆಂಥನಿ ಬಾರ್ ತನ್ನ ಮೇಲೆ ಬಿದ್ದದ್ದರಿಂದ ಕ್ವಾರ್ಟರ್‌ಬ್ಯಾಕ್ ಏರನ್ ರಾಜರ್ಸ್‌ನ ಕೊರಳೆಲುಬು ಮುರಿದ ಮೇಲೆ, ಎಸೆಯುವವನ ಮೇಲೆ ತನ್ನ ಪೂರ್ಣ ಅಥವಾ ಬಹುಪಾಲು ಭಾರ ಹಾಕಿ ಬೀಳಬಾರದೆಂಬುದಕ್ಕೆ 2018ರಿಂದ ಒತ್ತು ಬಂತು. ಅದೇ ಸೆಪ್ಟೆಂಬರಿನಲ್ಲಿ ಕ್ಲೇ ಮ್ಯಾಥ್ಯೂಸ್ ವಿರುದ್ಧ ರೆಫರಿ ಎಸೆದ ದಂಡದ ಹಳದಿ ಬಾವುಟ, ಅವನ ಗ್ರೀನ್ ಬೇ ತಂಡವು ಎದುರಾಳಿಯ ಎಸೆತವನ್ನು ಹಿಡಿದು ಚೆಂಡು ವಶಪಡಿಸಿಕೊಂಡದ್ದನ್ನೇ ರದ್ದುಗೊಳಿಸಿತು. ಪಂದ್ಯ 29–29ರಲ್ಲಿ ಸಮವಾಯಿತು. 2022ರ ಅಕ್ಟೋಬರ್ 10ರಂದು ಕ್ರಿಸ್ ಜೋನ್ಸ್ ಎದುರಾಳಿ ಕ್ವಾರ್ಟರ್‌ಬ್ಯಾಕ್ ಡೆರಿಕ್ ಕಾರ್‌ನಿಂದ ಚೆಂಡನ್ನು ಕಿತ್ತುಕೊಂಡು, ಭಾರ ತಡೆಯಲು ಕೈಯನ್ನೂ ನೆಲಕ್ಕೆ ಚಾಚಿದ್ದ. ಆದರೂ ಅವನಿಗೆ ದಂಡ ತಪ್ಪಲಿಲ್ಲ. ನೂರಾರು ಪೌಂಡಿನ ಮನುಷ್ಯ ಓಡಿಬಂದು ಬೀಳುವಾಗ ತನ್ನ ಭಾರವನ್ನು ಎಲ್ಲಿ ಇಡಬೇಕು ಎಂಬುದನ್ನು ಭೂಮಿಯ ಸೆಳೆತವೇ ನಿರ್ಧರಿಸುತ್ತದಲ್ಲವೇ!

ನಮ್ಮ ಕಬಡ್ಡಿಯಲ್ಲಿ ರೈಡರನ ಬಾಯಿ ಮುಚ್ಚಿ ಉಸಿರು ಕಟ್ಟಿಸಬಾರದು, ಕಾಲುಗಳಿಂದ ಕತ್ತರಿ ಹಾಕಿ ಹಿಡಿಯಬಾರದು ಎಂದು ಕೃತ್ಯವನ್ನೇ ಹೆಸರಿಸಿದ್ದಾರೆ. ಹುಬ್ಬಳ್ಳಿಯ ನೆಹರೂ ಮೈದಾನದ ಧೂಳಿನಲ್ಲಿ ಐದಾರು ಹುಡುಗರು ಒಬ್ಬನ ಮೇಲೆ ಮುಗಿಬಿದ್ದಾಗಲೂ ಅಂಪೈರ್ ಕತ್ತರಿ ಹಾಕಿದ ಕಾಲನ್ನು ಗುರುತಿಸಬಲ್ಲ. ಮೇಲಿದ್ದವನ ಭಾರ ಎಷ್ಟು ಪಾಲು ಕೆಳಗಿನವನ ಮೇಲಿತ್ತು ಎಂದು ಕೇಳಿದರೆ ತಕ್ಕಡಿ ತರಬೇಕಾದೀತು.

ಇದಕ್ಕೂ ಮಿಗಿಲಾದ ಇನ್ನೊಂದು ವಾಕ್ಯ ಆ ನಿಯಮಪುಸ್ತಕದಲ್ಲಿದೆ: ಅನುಮಾನವಿದ್ದರೆ ರೆಫರಿ ದಂಡವನ್ನೇ ವಿಧಿಸಬೇಕು. ಅನುಮಾನದ ಲಾಭವನ್ನು ಬ್ಯಾಟ್ಸ್‌ಮನ್‌ಗೆ ಕೊಡುವ ಕ್ರಿಕೆಟ್ ನೋಡಿ ಬೆಳೆದ ನಮಗೆ ಇದು ತಿರುವುಮುರುವಾಗಿ ಕಂಡೀತು. ಆದರೆ ಕ್ವಾರ್ಟರ್‌ಬ್ಯಾಕ್‌ನ ಕಣ್ಣು ದೂರದ ಸಹಆಟಗಾರನ ಮೇಲೆ ನೆಟ್ಟಿರುವುದರಿಂದ ತನ್ನತ್ತ ಬರುವ ಹೊಡೆತಕ್ಕೆ ಆತ ಸಿದ್ಧನಾಗಿರುವುದಿಲ್ಲ ಎಂಬ ಕಾರಣ ಅದರ ಹಿಂದಿದೆ, ಮತ್ತು ಆ ಕಾರಣವನ್ನು ನಾನು ಒಪ್ಪುತ್ತೇನೆ. ಹೀಗಿರುವಾಗ ಬಾವುಟ ಎಸೆದ ರೆಫರಿಯು ನಿಯಮದ ಆಜ್ಞೆಯನ್ನು ಪಾಲಿಸಿದ್ದಾನೆಯೇ ಹೊರತು ತನ್ನ ಇಷ್ಟವನ್ನಲ್ಲ.

ನನ್ನ ಬೇಡಿಕೆ ಸಣ್ಣದು. ಬೀಳುವವನು ಕೈಯೂರಿದ್ದರೆ, ಪಕ್ಕಕ್ಕೆ ಉರುಳಿದ್ದರೆ ಅಥವಾ ಚೆಂಡು ಆಗಲೇ ಅವನ ಕೈಸೇರಿದ್ದರೆ ಭಾರದ ದಂಡ ಸಲ್ಲದು ಎಂದು ನಿಯಮದಲ್ಲೇ ಬರೆಯಲಿ. ತಲೆ ಮತ್ತು ಮೊಣಕಾಲಿನ ವಿಷಯದಲ್ಲಿ ಈಗಿನ ಬಿಗಿ ಹಾಗೆಯೇ ಇರಲಿ. ತಾವು ಮುಂದಿನ ಸಲ ಇಂಥ ವಿವಾದದ ಚಿತ್ರ ಮುದ್ರಿಸುವಾಗ, ಸಂಬಂಧಿಸಿದ ನಿಯಮದ ವಾಕ್ಯವನ್ನೂ ಪಕ್ಕದಲ್ಲಿ ಕನ್ನಡದಲ್ಲಿ ಕೊಡಬೇಕೆಂದು ವಿನಂತಿ.

ತಮ್ಮ ವಿಶ್ವಾಸಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಸಪ್ತಾಪುರ, ಧಾರವಾಡ